ಆರಬೇಕಾದ ಬಲ್ಬು

ಹೊಸಪೇಟೆಯಿಂದ ಕಂಪ್ಲಿಗೆ ಹೊರಟ ಕಾರಿನ ಹಿಂದಿನ ಸೀಟಿನಲ್ಲಿ ಅವತ್ತು ನನ್ನ ಮಷೀನು ದಿಂಬಿಗೆ ಒರಗಿ, ಬೆಲ್ಟ್ ಕಟ್ಟಿಕೊಂಡು ಕೂತಿತ್ತು. ನನ್ನ ಮಕ್ಕಳನ್ನು ಕೂಡ ನಾನು ಅಷ್ಟು ಜೋಪಾನವಾಗಿ ಕರೆದುಕೊಂಡು ಹೋದವಳಲ್ಲ. ಕಮಲಾಪುರ ದಾಟುವಾಗ ಉಬ್ಬು ಬಂದಾಗಲೆಲ್ಲ "ಮೆಲ್ಲಗೆ, ಮೆಲ್ಲಗೆ" ಎಂದು ಕೂಗುತ್ತಿದ್ದೆ. ಕಾರು ಓಡಿಸುತ್ತಿದ್ದವಳೂ ನಾನೇ.

ಕರೆಂಟನ್ನು ಪಳಗಿಸುವುದು ನನ್ನ ಕಸುಬು. ಲೈನಿನ ಕರೆಂಟು ದೊಡ್ಡ ಮೋಟರಿಗೆ ಒಮ್ಮೆಲೇ ನುಗ್ಗಿದರೆ ಮೋಟರು ಬೆಚ್ಚಿಬೀಳುತ್ತದೆ, ಬೆಲ್ಟು ಹರಿಯುತ್ತದೆ, ಓಣಿಯ ದೀಪಗಳೆಲ್ಲ ಮಂಕಾಗುತ್ತವೆ. ಅದೇ ಕರೆಂಟನ್ನು ಸಣ್ಣಗೆ ತುಂಡರಿಸಿ ಮೋಟರಿಗೆ ತುತ್ತು ತುತ್ತಾಗಿ ಉಣಿಸುವ ಪೆಟ್ಟಿಗೆಯನ್ನು ನಾವು ಡ್ರೈವ್ ಅನ್ನುತ್ತೇವೆ. ಸೀನಿಯರ್ ಡಿಸೈನ್ ಇಂಜಿನಿಯರ್ ಎಂಬ ಹೆಸರೇನೋ ಇತ್ತು, ಆದರೆ ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸಂಡೂರಿನ ಗಣಿಗಳಲ್ಲಿ ಬೇರೆಯವರ ಡ್ರೈವ್‌ಗಳಿಗೆ ತೇಪೆ ಹಾಕಿದ್ದು. ಹಿಂದಿನ ಸೀಟಿನಲ್ಲಿ ಕೂತಿದ್ದ ಈ ಡ್ರೈವ್ ಮಾತ್ರ ಮೊದಲಿಂದ ಕೊನೆಯವರೆಗೆ ನನ್ನದು.

ನಮ್ಮ ಬಾಸ್ ಖಡಾಖಂಡಿತ ಹೇಳಿದ್ದರು: "ಒಂದು ಗಿರಣ್ಯಾಗ ಇದು ಓಡಿ ಗಿರಾಕಿ ಒಪ್ಪಿದ್ರ ಸರಿ. ಇಲ್ಲಾಂದ್ರ ಡಿಸೈನ್ ಬಂದ್ ಮಾಡೂಣ್ರಿ. ಹೊರಗಿನ ರೆಡಿ ಮಾಲು ತಂದು ನಮ್ಮ ಲೇಬಲ್ ಹಚ್ಚಿ ಮಾರೂಣು." ಲೇಬಲ್ ಹಚ್ಚುವ ಸೀನಿಯರ್ ಇಂಜಿನಿಯರ್! ನನಗೆ ಮೈಯೆಲ್ಲ ಉರಿದಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆಗೆ ಸಿಕ್ಕ ಕಂಪ್ಲಿಯ ಗಿರಣಿ ನನ್ನ ಸೋದರಮಾವನದು. ಸುಗ್ಗಿಯ ಕಾಲ, ಮೆಟ್ರಿ ಊರಿನ ಕಡೆಯ ಭತ್ತದ ಟ್ರ್ಯಾಕ್ಟರುಗಳು ಗೇಟಿನ ಹೊರಗೂ ಸಾಲು ನಿಂತಿದ್ದವು. ಅಂಥ ದಿನ ನನ್ನನ್ನು ನಂಬಿ ಮಾವ ಗಿರಣಿ ನಿಲ್ಲಿಸಿದ್ದರು.

"ಮೋಟರ್ ಸುಟ್ರ ನಾ ಏನೂ ಅನ್ನಂಗಿಲ್ಲವ್ವಾ," ಅಂದರು. "ನಿಮ್ಮ ಅತ್ತಿ ಮಾತ್ರ ಬಿಡಂಗಿಲ್ಲ."

ಅತ್ತೆ ಆಗಲೇ ಆರತಿ ತಟ್ಟೆ, ವಿಭೂತಿ, ತೆಂಗಿನಕಾಯಿ ಹಿಡಿದು ಬಂದಿದ್ದರು. ಮಷೀನಿನ ಒಳಗಿನ ಬೋರ್ಡಿಗೇ ಮೂರು ಬೆರಳು ವಿಭೂತಿ ಎಳೆಯಬೇಕೆಂದು ಅವರ ಹಠ. ಹೊರಮೈಗೆ ಸಾಕು ಎಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕಾಯಿಯನ್ನು ಅಂಗಳಕ್ಕೆ ಕಳಿಸಿ ಒಡೆಸಿದೆ.

ಹೊಸ ಮಷೀನಿಗೆ ಮೊದಲ ಸಲ ಕರೆಂಟು ಕೊಡುವಾಗ ನಮ್ಮ ಕಸುಬಿನವರದೂ ಒಂದು ಶಾಸ್ತ್ರವಿದೆ. ಲೈನಿಗೂ ಮಷೀನಿಗೂ ನಡುವೆ ಹಳೇ ನಮೂನೆಯ ದೊಡ್ಡ ಬಲ್ಬೊಂದನ್ನು ಹಾಕುತ್ತೇವೆ. ಒಳಗಿನ ಕೆಪ್ಯಾಸಿಟರುಗಳು ಹಂಡೆಯಿದ್ದ ಹಾಗೆ. ತುಂಬುವ ತನಕ ಕರೆಂಟು ಹರಿದು ಬಲ್ಬು ಬೆಳಗುತ್ತದೆ, ತುಂಬಿದ ಮೇಲೆ ಆರುತ್ತದೆ. ಹಂಡೆ ತೂತಾಗಿದ್ದರೆ, ಅಂದರೆ ಒಳಗೆಲ್ಲೋ ಶಾರ್ಟ್ ಆಗಿದ್ದರೆ, ಬಲ್ಬು ಉರಿಯುತ್ತಲೇ ಇರುತ್ತದೆ. ಆಫೀಸಿನಲ್ಲಿ ತಿಂಗಳುಗಟ್ಟಲೆ ಅದು ಝಗಝಗ ಉರಿದು ನನ್ನ ಹೊಟ್ಟೆ ಉರಿಸಿತ್ತು. ಇದನ್ನೆಲ್ಲ ಗಿರಣಿಯಲ್ಲಿ ನೆರೆದವರಿಗೆ ಮೊದಲೇ ಹೇಳಬೇಕಿತ್ತು. ಗಡಿಬಿಡಿಯಲ್ಲಿ ಮರೆತೆ.

ಸ್ವಿಚ್ ಹಾಕಿದೆ. ಬಲ್ಬು ಫಳ್ಳನೆ ಬೆಳಗಿತು. ಹಮಾಲರು ಚಪ್ಪಾಳೆ ತಟ್ಟಿದರು, ಅತ್ತೆ ಆರತಿ ಎತ್ತಿದರು, ಮಾವನ ಮುಖ ಅರಳಿತು. ನಾನೊಬ್ಬಳೇ ಹಲ್ಲು ಕಚ್ಚಿ, "ಆರು, ನಿನ್ನ ಕಾಲಿಗೆ ಬೀಳ್ತೀನಿ, ಆರು" ಎಂದು ಗೊಣಗುತ್ತಿದ್ದೆ.

ಬಲ್ಬು ಕೆಂಪಾಯಿತು, ಮಂಕಾಯಿತು, ಆರಿತು.

ಹಮಾಲರು ತಟ್ಟುತ್ತಿದ್ದ ಕೈ ಕೆಳಗಿಳಿಸಿದರು. "ಶಿವ ಶಿವಾ! ಆರತಿ ಹೊತ್ತಿನ್ಯಾಗ ದೀಪ ಶಾಂತ ಆತಲ್ರೀ," ಎಂದು ಅತ್ತೆ ತಟ್ಟೆ ಹಿಡಿದೇ ನೆಲಕ್ಕೆ ಕೂತುಬಿಟ್ಟರು. ನಾನೋ, ನಲವತ್ತು ದಾಟಿದ ಹೆಂಗಸು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಭತ್ತದ ಚೀಲ ಹತ್ತಿ, "ಆರಿತು ಮಾಮಾ, ಆರಿತು!" ಎಂದು ಕುಣಿಯುತ್ತಿದ್ದೆ. ಮಾವ ಪಕ್ಕದ ಹಮಾಲನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ಜಲ್ದಿ ನೀರು ತಗೊಂಬಾರಲೇ, ಹುಡುಗಿ ತಲಿ ಕೆಟ್ಟೈತಿ."

ನೀರು ಕುಡಿದು, ಹಂಡೆಯ ಕತೆ ಹೇಳಿ, ಬಲ್ಬು ತೆಗೆದು ನೇರ ಲೈನು ಕೊಟ್ಟೆ. ಗುಂಡಿ ಒತ್ತಿದಾಗ ಮೋಟರು ನಿದ್ದೆಯಿಂದ ಏಳುವವರ ಹಾಗೆ ನಿಧಾನ ತಿರುಗಿತು, ಬೆಲ್ಟು ಎಳೆದುಕೊಂಡಿತು, ಗಿರಣಿ ಪೂರಾ ಗರಗರ ಅನ್ನತೊಡಗಿತು. ಒಂದು ದೀಪವೂ ಮಿಣುಕಲಿಲ್ಲ. ಅಕ್ಕಿ ಬೀಳತೊಡಗಿದಾಗ ಮಾವ ಬೊಗಸೆ ಒಡ್ಡಿ, ಕಾಳು ಹರವಿ ನೋಡಿ, "ನುಚ್ಚೂ ಕಮ್ಮಿ ಆಗೈತಲ್ಲವ್ವಾ!" ಅಂದರು. ನುಚ್ಚಿಗೂ ನನ್ನ ಮಷೀನಿಗೂ ಏನು ಸಂಬಂಧವೋ ನನಗೆ ಗೊತ್ತಿರಲಿಲ್ಲ. ಆದರೂ ಗಂಭೀರವಾಗಿ ತಲೆ ಆಡಿಸಿದೆ.

ಮಧ್ಯಾಹ್ನ ಅದೇ ಅಕ್ಕಿಯ ಅನ್ನ. "ಹೊಸ ಅಕ್ಕಿ, ಮುದ್ದಿ ಆಗೈತಿ, ಬ್ಯಾಸರ ಮಾಡ್ಕೋಬ್ಯಾಡ," ಎಂದು ಅತ್ತೆ ತುಪ್ಪ ಸುರಿದರು. ಅಂಥ ಊಟ ನಾನು ಯಾವ ಮದುವೆಯಲ್ಲೂ ಉಂಡಿಲ್ಲ. ಉಣ್ಣುತ್ತಿರುವಾಗಲೇ ಮಾವ ನಮ್ಮ ಬಾಸ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ನಿಮ್ಮ ಮಷೀನು ಮಸ್ತ್ ಐತ್ರಿ. ಅಕ್ಕಿ ಪಾಲಿಶ್ ಮಾಡೋ ಮೋಟರಿಗೂ ಒಂದು ಬೇಕು. ಆದ್ರ ಅದನ್ನೂ ನಮ್ಮ ಹುಡುಗೀನೇ ಮಾಡಬೇಕು ನೋಡ್ರಿ. ಬ್ಯಾರೆಯವ್ರ ಮಾಲು ಕಳಿಸಿದ್ರ ಗೇಟಿನ್ಯಾಗ ಇಳಿಸಾಕ ಬಿಡಂಗಿಲ್ಲ."

ಲೇಬಲ್ ಹಚ್ಚುವ ಮಾತು ಮಾವನಿಗೆ ಗೊತ್ತೇ ಇರಲಿಲ್ಲ. ಆ ಕಡೆಯಿಂದ ಬಾಸ್ ದನಿ ಬಂತು: "ಆತು ಬಿಡ್ರಿ ಸಾವ್ಕಾರ್ರ. ಅವರನ್ನ ಬಿಟ್ರ ನಮ್ಮಲ್ಲಿ ಮತ್ಯಾರು ಮಾಡ್ತಾರ್ರಿ?"

ನನಗೆ ಅನ್ನ ನೆತ್ತಿಗೆ ಹತ್ತಿತು. ಕೆಮ್ಮು, ನಗು, ಅಳು ಮೂರೂ ಒಟ್ಟಿಗೇ ಬಂದವು. ಅತ್ತೆ ಎದ್ದು ಬಂದು ನನ್ನ ತಲೆ ತಟ್ಟುತ್ತ, "ಸಾವಕಾಶ ಯವ್ವಾ, ಯಾರೋ ನಿನ್ನ ಭಾಳ ನೆನಸಾಕತ್ತಾರ," ಅಂದರು. ಕೆಮ್ಮುತ್ತಲೇ ನಾನು ಮಾವನ ಕೈಯಲ್ಲಿದ್ದ ಫೋನಿನ ಕಡೆ ಬೆರಳು ತೋರಿಸಿದೆ.