ಒಳಸುತ್ತಿನ ನಿಯಮ

ಕವಡೆ ಹಾಕುವ ಮುನ್ನ ಮುಷ್ಟಿಯನ್ನು ಕಿವಿಯ ಹತ್ತಿರ ತಂದು ಕುಲುಕುವುದು ಅವರ ಅಭ್ಯಾಸ. ಬಳೆಗಳು ಮೊಣಕೈತನಕ ಜಾರುತ್ತಿದ್ದವು, ಒಂದು ಹುಬ್ಬು ಮೇಲೇರುತ್ತಿತ್ತು. ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಬೀದಿಗೆಲ್ಲ ಟೀಚರಮ್ಮ.

ಸುಮ್ಮನೆ ಕೂರುವ ಜಾಯಮಾನವೇ ಅಲ್ಲ. ನಿವೃತ್ತಿಯ ಮೇಲೆ ತೆಲುಗು ಓದಲು ಕಲಿತರು. ಪತ್ರಿಕೆಯ ಪದಬಂಧ ಮುಗಿಸದೆ ಎರಡನೆಯ ಕಾಫಿ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಮಗಳನ್ನೂ ನನ್ನನ್ನೂ ಕೂರಿಸಿಕೊಂಡು ಚೌಕಾಬಾರ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಆಟದ ನಿಯಮ. ನನ್ನ ಕೈ ಅತ್ತ ಸರಿದರೆ ಸಾಕು, "ಹೊಡೆದ್ಯಾ? ಹೊಡೀದೆ ಎಲ್ಲಿಗೆ ಹೊರಟೆ?" ಎನ್ನುತ್ತಿದ್ದರು.

ಕಳೆದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ತೊದಲಿತು. ಮಗಳು ಡಾಕ್ಟರನ್ನು ಕೇಳಿದ್ದು ಒಂದೇ: "ಅಮ್ಮಂಗೆ ಬುದ್ಧಿ, ನೆನಪು ಉಳಿಯುತ್ತಾ?"

"ಜೀವನಪೂರ್ತಿ ತಲೆಗೆ ಕೆಲಸ ಕೊಟ್ಟಿದಾರೆ. ಅಂಥವ್ರ ಮಿದುಳು ಪೆಟ್ಟು ತಿಂದ್ರೂ ಬೇರೆ ದಾರಿ ಹುಡ್ಕೊಳ್ಳೋ ಸಾಧ್ಯತೆ ಜಾಸ್ತಿ. ಗ್ಯಾರಂಟಿ ಅಂತ ಹೇಳಕ್ಕಾಗಲ್ಲ. ಇನ್ನೊಂದ್ಸಲ ಸ್ಟ್ರೋಕ್ ಆಗದ ಹಾಗೆ ನೋಡ್ಕೊಳ್ಳಿ" ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಮಂಚದ ಮೇಲೊಂದು ಹಲಗೆಯಿಟ್ಟು ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆಗಳನ್ನು ಬರೆದೆವು. ಎಡಗೈಯಲ್ಲಿ ಕವಡೆ ಹಾಕಿದರು. ಪಾಪ, ಗೆಲ್ಲಲಿ ಎಂದುಕೊಂಡು ಮಗಳು ಹೊಡೆಯಬಹುದಾಗಿದ್ದ ಅಮ್ಮನ ಕಾಯಿಯನ್ನು ಹಾಗೇ ಬಿಟ್ಟಳು. ಟೀಚರಮ್ಮನ ಮುಖ ಕೆಂಪಾಯಿತು. ಹಲಗೆಯನ್ನು ಅತ್ತ ತಳ್ಳಿ, ಒಂದೊಂದೇ ಪದ ಹೆಕ್ಕಿ ಹೇಳಿದರು: "ಪಾಪ... ಅನ್ಬೇಡ. ಸರಿಯಾಗಿ... ಆಡು."

ಮಗಳು ಅಡುಗೆಮನೆಗೆ ಹೋಗಿ ಅತ್ತಳು, ಸಂತೋಷಕ್ಕೆ. ನಮ್ಮ ಹೆಸರುಗಳು ಅವರಿಗೆ ಅದಲುಬದಲಾಗುತ್ತಿದ್ದವು, ನಿಜ. ಆದರೆ ಅವರು ಅವರಾಗಿಯೇ ಇದ್ದರು.

ಅಂದಿನಿಂದ ಪ್ರತಿ ಆಟದಲ್ಲೂ ನಾನು ಬೇಕೆಂದೇ ಒಮ್ಮೆ ಹೊಡೆಯದೆ ಒಳಗೆ ನುಗ್ಗುತ್ತಿದ್ದೆ. "ಹೊಡೆದ್ಯಾ?" ಎಂದು ಬೈಸಿಕೊಂಡರೆ ನೆಮ್ಮದಿಯಾಗಿ ಮನೆಗೆ ಬರುತ್ತಿದ್ದೆ.

ಈ ಬೇಸಿಗೆಯಲ್ಲಿ ಮತ್ತೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಹಲಗೆ ತಂದು, ಹೊಡೆಯದೆಯೇ ಕಾಯಿಯನ್ನು ಒಳಸುತ್ತಿಗೆ ನಡೆಸಿದೆ. ಮಗಳು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ಟೀಚರಮ್ಮ ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಗುತ್ತ ಕವಡೆಗಳನ್ನು ನನ್ನ ಕಡೆಗೇ ಸರಿಸಿದರು.

"ನಾನಿನ್ನೂ ಹೊಡೆದಿಲ್ಲ, ಟೀಚರಮ್ಮ" ಎಂದು ನಾನೇ ಹೇಳಿ ಕಾಯಿಯನ್ನು ಹೊರಸುತ್ತಿಗೆ ತಂದಿಟ್ಟೆ.

ಅವರು ತೀರಿಕೊಳ್ಳುವ ಹಿಂದಿನ ವಾರದವರೆಗೂ ಆಡಿದೆವು. ಅವರ ಕಾಯಿಗಳನ್ನೂ ನಾನೇ ನಡೆಸುತ್ತಿದ್ದೆ, ನಿಯಮವನ್ನೂ ನಾನೇ ಕಾಯುತ್ತಿದ್ದೆ. ಪಾಪ ಎಂದು ಅವರ ಒಂದು ಕಾಯಿಯನ್ನೂ ಹೊಡೆಯದೆ ಬಿಡಲಿಲ್ಲ.