ಸದ್ದುಗಲ್ಲು ತಪ್ಪಿಸಿ ತೆಗೆದ ದಾರಿ

ಕೊರೊನಾದ ಎರಡನೇ ಅಲೆ ಇಳಿದ ಮರುವರ್ಷ ನಾನು ಮಧುಗಿರಿ ಸೀಮೆಯ ಒಂದು ವಲಯದಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಹತ್ತು ತಿಂಗಳು ಉಳಿದಿತ್ತು. ಮೂವತ್ಮೂರು ವರ್ಷದ ಸೇವೆಯಲ್ಲಿ ಒಂದೇ ಒಂದು ನೋಟಿಸು ಬಂದಿಲ್ಲವೆಂದು ಮದುವೆಮನೆಗಳಲ್ಲೂ ಹೇಳಿಕೊಂಡು ತಿರುಗುತ್ತಿದ್ದವನು ನಾನು. ಆ ಜಂಬ ಮುರಿದ ಬೆಳಗಿನ ಸಂಗತಿ ಇದು. ಇದರಲ್ಲಿ ರಕ್ತವಿದೆ, ಒರೆಸಿ ಹೇಳಲು ನನಗೆ ಬರುವುದಿಲ್ಲ.

ತುಮಕೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಶ್ರೀಧರ್ ಒಂದು ದಿನ ನಕ್ಷೆ ಹಿಡಿದು ಕಚೇರಿಗೆ ಬಂದರು. ಅವರದೊಂದು ಸೈಕಲ್ ಬಳಗ. ಗ್ರಾವೆಲ್ ಬೈಕ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ ದಪ್ಪ ಟೈರು. ಡಾಂಬರು ಬಿಟ್ಟು ಜಲ್ಲಿ, ಮಣ್ಣು, ಬಂಡಿಜಾಡುಗಳಲ್ಲಿ ಓಡಲೆಂದೇ ಮಾಡಿದ್ದು. ಮಧುಗಿರಿ ಬೆಟ್ಟದ ಬುಡದಿಂದ ಹೊರಟು, ಕರೇಕಲ್ಲು ಗುಡ್ಡ ಬಳಸಿ, ಕೊರಟಗೆರೆ ತಾಲ್ಲೂಕಿನ ಕೊಳಾಲದ ಹೊಲಗಳಿಗೆ ಇಳಿಯುವ ನಲವತ್ತಾರು ಕಿಲೋಮೀಟರಿನ ಮಾರ್ಗ ಅವರ ಮನಸ್ಸಿನಲ್ಲಿತ್ತು. ಅದು ಕೈಗೂಡಿದರೆ ಶಿರಾಕ್ಕೂ, ಪಾವಗಡದ ಬಲಸಮುದ್ರದ ಸೋಲಾರ್ ಫಲಕಗಳವರೆಗೂ ಬೆಳೆಸುವ ಯೋಚನೆ. ಹತ್ತು ಕಿಲೋಮೀಟರ್ ಕಾಡಿನೊಳಗೆ ಹಾಯುವುದರಿಂದ ನನ್ನ ಪರಿಶೀಲನಾ ವರದಿ ಬೇಕಾಗಿತ್ತು. ಮೇಷ್ಟ್ರ ಉತ್ಸಾಹ ನನಗೆ ಬಹಳ ಹಿಡಿಸಿತು. ನಿವೃತ್ತಿಗೆ ಮುಂಚೆ ಹೆಸರು ಉಳಿಯುವಂಥದ್ದೊಂದು ಮಾಡೋಣವೆಂಬ ಆಸೆಯೂ ಸೇರಿಕೊಂಡಿತು.

ದಾರಿ ನೋಡಲು ಜೀಪಿನಲ್ಲಿ ಹೋದೆ. ಜೊತೆಗೆ ಇಪ್ಪತ್ತು ವರ್ಷದಿಂದ ಆ ಗುಡ್ಡದ ವಾಚರ್ ಆಗಿದ್ದ ತಿಮ್ಮರಾಯಪ್ಪ. ಕರೇಕಲ್ಲು ಕಣಿವೆಯ ತಿರುವಿನಲ್ಲಿ ಆಳೆತ್ತರದ ಬಂಡೆಯೊಂದಿದೆ. ಅದರ ಒಂದು ಮೈಯೆಲ್ಲ ಬಿಳಿ ಚುಕ್ಕೆ. ತಿಮ್ಮರಾಯಪ್ಪ ಜೀಪಿನಿಂದ ಇಳಿದು, ಹಿಡಿಗಲ್ಲೊಂದನ್ನು ಎತ್ತಿ ಬಂಡೆಗೆ ಮೂರು ಸಲ ಹೊಡೆದ. ಕಂಚಿನ ಗಂಗಾಳ ಬಡಿದಂತೆ ಠಣ್ ಎಂದು ಕಣಿವೆ ತುಂಬ ಸದ್ದಾಯಿತು.

"ಏನಯ್ಯಾ, ದೇವರಿಗೆ ಕಾಲಿಂಗ್ ಬೆಲ್ಲಾ?" ಎಂದು ನಕ್ಕೆ.

"ಸದ್ದುಗಲ್ಲು ಸಾ. ಇದ್ಕೆ ಹೊಡೀದೆ ಯಾರೂ ಮುಂದ್ಕೆ ಹೋಗಲ್ಲ. ನಮ್ಮಪ್ಪನೂ ಹೊಡೀತಿದ್ದ."

"ಅಪ್ಪ ನೆಟ್ಟ ಆಲದಮರ ಅಂತ ನೇಣು ಹಾಕ್ಕೋಬೇಕೇನಯ್ಯಾ?" ಎಂದೆ. ಅವನು ಹಿಡಿಗಲ್ಲನ್ನು ಬಂಡೆಯ ಬುಡದಲ್ಲಿಟ್ಟು ಜೀಪು ಹತ್ತಿದ. ಇಷ್ಟಕ್ಕೂ ನನ್ನ ತಲೆಯಲ್ಲಿದ್ದದ್ದು ಬೇರೆ ಚಿಂತೆ. ಬಂಡೆಯ ಪಕ್ಕದ ದಾರಿ ಹಳ್ಳದ ಮರಳಿನಲ್ಲಿ ಹೂತುಹೋಗಿತ್ತು, ಸೈಕಲ್ ಟೈರು ಸಿಕ್ಕಿಕೊಳ್ಳುವುದು ಖಂಡಿತ. ಅದಕ್ಕೆ ಇಪ್ಪತ್ತು ಮಾರು ಮೇಲೆ, ಗುಡ್ಡದ ಮಗ್ಗುಲಲ್ಲಿ, ಲಂಟಾನ ಕಡಿಸಿ ಹೊಸ ಕಾಲುದಾರಿ ತೆಗೆಸಿದೆ. ವರದಿಯಲ್ಲಿ 'ಮಾರ್ಗ ಸುರಕ್ಷಿತವಾಗಿದೆ' ಎಂದು ಬರೆದು ಸಹಿ ಹಾಕಿದೆ.

ಮೊದಲ ಓಟದ ದಿನ ಊರಿನವರು ನೋಡಲು ನಿಂತಿದ್ದರು. ಅವರಲ್ಲಿ ಈರಮ್ಮನೂ ಒಬ್ಬಳು. ಐವತ್ತು ದಾಟಿದ ಹೆಂಗಸು, ಹಂಗಾಮಿನಲ್ಲಿ ಗುಡ್ಡದ ಸೀತಾಫಲ ಕಿತ್ತು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಮಾರುವವಳು. ಮೇಷ್ಟ್ರ ಸೈಕಲ್ಲನ್ನು ಸುತ್ತು ಹಾಕಿ ನೋಡಿ, "ಒಂದು ಬೆಲ್ಲಿಲ್ಲ, ಸ್ಟ್ಯಾಂಡಿಲ್ಲ, ಇದೇನ್ ಸೈಕಲ್ಲು ಮೇಷ್ಟ್ರೇ? ನಮ್ ಹಾಲಿನೋನ್ ಸೈಕಲ್ಲು ಬೆಲ್ಲೊಂದ್ ಬುಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡ್ತೈತೆ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆರು ತಿಂಗಳು ಏನೂ ಆಗಲಿಲ್ಲ. ಸೈಕಲ್ಲಿನವರು ಗುಂಪಾಗಿ, ಗಲಗಲ ಮಾತಾಡುತ್ತ ಬರುತ್ತಿದ್ದರು. ಆಮೇಲೆ ಸೀತಾಫಲ ಹಣ್ಣಾಗುವ ಕಾಲ ಬಂತು. ಆ ಹಣ್ಣು ಈರಮ್ಮನಿಗೆ ಎಷ್ಟು ಬೇಕೋ ಕರಡಿಗೂ ಅಷ್ಟೇ ಬೇಕು. ಒಂದು ಭಾನುವಾರ ಬೆಳಕು ಹರಿಯುತ್ತಲೇ ಶ್ರೀಧರ್ ಬಳಗದವರನ್ನು ಹಿಂದೆ ಬಿಟ್ಟು ಒಬ್ಬರೇ ಮುಂದೆ ಬಂದರು. ನನ್ನ ಹೊಸ ದಾರಿಯ ಇಳಿಜಾರಿನಲ್ಲಿ ಅವರ ಸೈಕಲ್ಲು ಸದ್ದೇ ಇಲ್ಲದೆ ಇಳಿಯಿತು. ಪೊದೆ ದಾಟಿದ ಕೂಡಲೇ ಎದುರಿಗೆ ಹೆಣ್ಣು ಕರಡಿ, ಅದರ ಹಿಂದೆ ಮರಿ.

ಕರಡಿಗೆ ಕಣ್ಣು ಮಂದ. ಬೆಚ್ಚಿದರೆ ಓಡುವುದಿಲ್ಲ, ಎದ್ದು ನಿಂತು ಮುಖಕ್ಕೆ ಹಾಕುತ್ತದೆ. ಮೊದಲ ಏಟಿಗೆ ಹೆಲ್ಮೆಟ್ಟು ಹಾರಿತು. ಎರಡನೆಯದಕ್ಕೆ ಎಡಗಣ್ಣಿನಿಂದ ದವಡೆಯವರೆಗೆ ಮುಖದ ಚರ್ಮ ಕಿತ್ತು ಬಂತು. ಮೇಷ್ಟ್ರು ಸೈಕಲ್ಲಿನ ಕೆಳಗೆ ಬಿದ್ದರು, ಕರಡಿ ಅವರ ಮೇಲೆ ಬಿದ್ದು ತೋಳನ್ನು ಅಗಿಯತೊಡಗಿತು. ಕೆಳಗಿನ ದಾರಿಯಲ್ಲಿದ್ದ ಈರಮ್ಮ ಆ ಕೂಗಿಗೆ ಹಣ್ಣಿನ ಚೀಲ ಎಸೆದು ಮೇಲಕ್ಕೆ ಓಡಿದಳು. ಕೈಯಲ್ಲಿ ಕೊಂಬೆ ಸವರುವ ಮಚ್ಚಿತ್ತು. ಕರಡಿಯ ಬೆನ್ನಿಗೆ ಹಾಕಿದಳು, ಅದು ತಿರುಗಲಿಲ್ಲ. ಕುತ್ತಿಗೆಗೆ ಹಾಕಿದಳು. ತಿರುಗಿ ಅವಳ ತೊಡೆಯನ್ನು ಸೀಳಿತು. ಅವಳು ನಿಲ್ಲಿಸಲಿಲ್ಲ. ಎಷ್ಟು ಏಟು ಹಾಕಿದೆಯೆಂದು ಆಮೇಲೆ ಕೇಳಿದಾಗ, "ಅದು ಬುಡೋವರ್ಗೂ ಸಾ" ಎಂದಳು.

ನಾನು ನಾಲ್ಕು ಕಿಲೋಮೀಟರ್ ಆಚೆ ನರ್ಸರಿಯಲ್ಲಿದ್ದೆ. ತಿಮ್ಮರಾಯಪ್ಪನ ಫೋನು ಬಂದು, ನಾನು ಜೀಪಿನಿಂದ ಇಳಿಯುವಷ್ಟರಲ್ಲಿ ಊರೇ ಅಲ್ಲಿ ನೆರೆದಿತ್ತು. ಬಳಗದವರು ಮೇಷ್ಟ್ರ ಮುಖವನ್ನು ಜರ್ಸಿಯಲ್ಲಿ ಸುತ್ತಿ 108ಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ಕರಡಿ ಇನ್ನೂ ಸತ್ತಿರಲಿಲ್ಲ. ಹತ್ತು ಹೆಜ್ಜೆ ಆಚೆ ಕುಸಿದು ಬಿದ್ದು, ಬಾಯಿಂದ ನೊರೆ, ರಕ್ತ ಸುರಿಸುತ್ತ ಗೊರಗೊರ ಅನ್ನುತ್ತಿತ್ತು. ಜನ ಅದರ ಮೇಲೆ ಕಲ್ಲು ಎತ್ತಿಹಾಕುತ್ತಿದ್ದರು. ನಾನು ಕೂಗುತ್ತಿದ್ದಂತೆಯೇ ಅದರ ತಲೆ ನುಜ್ಜಾಯಿತು. ಬಂಡೆಸಂದಿಗೆ ನುಗ್ಗಿದ್ದ ಮರಿ ಮಗುವಿನ ಹಾಗೆ ಅರಚುತ್ತಿತ್ತು. ನಾಲ್ಕೈದು ಜನ ದೊಣ್ಣೆ ಹಿಡಿದು ಅತ್ತ ಓಡಿದರು. ನಾನೂ ತಿಮ್ಮರಾಯಪ್ಪನೂ ಅಡ್ಡ ಹೋದೆವು.

"ನಿಮ್ ಕರಡಿ ನಿಮ್ ಮನೇಲಿ ಇಟ್ಕೊಳ್ರಿ!" ಎಂದು ಒಬ್ಬ ಬೀಸಿದ ದೊಣ್ಣೆ ನನ್ನ ಬಲಗೈ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದದ್ದು ನನಗೇ ಕೇಳಿಸಿತು. ನಾನು ಕೆಳಗೆ ಕೂತೆ. ತಿಮ್ಮರಾಯಪ್ಪನ ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯುತ್ತಿತ್ತು.

ಆಗ ಈರಮ್ಮ ಸೀಳಿದ ತೊಡೆಯನ್ನು ಎಳೆಯುತ್ತ ಬಂದು, ಅದೇ ಮಚ್ಚು ಹಿಡಿದು ಸಂದಿಗೆ ಬೆನ್ನು ಕೊಟ್ಟು ನಿಂತಳು. ಸೆರಗೆಲ್ಲ ಕೆಂಪು. "ಇದ್ರವ್ವನ್ ಕೊಂದೋಳು ನಾನು. ಮರೀನ್ ಮುಟ್ರಲಾ ನೋಡನ, ಕೈ ಕಡ್ದ್ ಬುಡ್ತೀನಿ!" ಅವಳ ಮುಖ ನೋಡಿ ಒಬ್ಬೊಬ್ಬರೇ ದೊಣ್ಣೆ ಇಳಿಸಿದರು. ಎರಡನೇ ವರ್ಷದ, ತಾಯಿಯಿಲ್ಲದೆಯೂ ಬದುಕಬಲ್ಲ ಮರಿ ಅದು, ಮಧ್ಯಾಹ್ನದ ಹೊತ್ತಿಗೆ ಗುಡ್ಡ ಏರಿ ಗವಿಗಳ ಕಡೆ ಹೋಯಿತು.

ಮೂರು ದಿನ ಬಿಟ್ಟು, ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಅವಳ ಹೇಳಿಕೆ ಪಡೆಯಲು ತಿಮ್ಮರಾಯಪ್ಪನ ಜೊತೆ ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ ಸತ್ತ ಕರಡಿಯ ವಿಡಿಯೋ ಮೊಬೈಲುಗಳಲ್ಲಿ ಓಡಾಡಿ, ಎಲ್ಲೆಲ್ಲಿಂದಲೋ ಫೋನುಗಳು ಬರತೊಡಗಿದ್ದವು. ಈರಮ್ಮ ಹಾಸಿಗೆಯಲ್ಲಿ ಅಳುತ್ತಿದ್ದಳು. ನೋವಿಗೆ ಅಂದುಕೊಂಡೆ.

"ನಂದೇ ತಪ್ಪು ಸಾ. ನಾನು ಸದ್ದುಗಲ್ಲು ಹೊಡ್ದೆ. ಹೊಡುದ್ರೆ ಅವು ಕೆಳಗ್ಲ ದಾರಿ ಬುಟ್ಟು ಮ್ಯಾಕೆ ಹೋಯ್ತವೆ, ನಾವು ಹೋದ್ಮ್ಯಾಲೆ ಇಳೀತವೆ. ಮೊದ್ಲಿಂದ್ಲೂ ಅಂಗೇ. ನಾನು ಹೊಡೀದೇ ಇದ್ದಿದ್ರೆ ಅದು ಮ್ಯಾಲ್ಗಡೆ ಹೋಗ್ತಿರ್ಲಿಲ್ಲ, ಮೇಷ್ಟ್ರ ಮುಖ ನೆಟ್ಗಿರ್ತಿತ್ತು."

ಬರೆದುಕೊಳ್ಳುತ್ತಿದ್ದ ತಿಮ್ಮರಾಯಪ್ಪನ ಪೆನ್ನು ನಿಂತಿತು. ಅವನು ನನ್ನನ್ನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ತಲೆಮಾರುಗಳಿಂದ ಕೆಳದಾರಿ ಜನರದು, ಮೇಲಿನ ಮಗ್ಗುಲು ಕರಡಿಯದು, ನಡುವೆ ಆ ಮೂರು ಏಟು. ಕರಡಿ ಸರಿದು ನಿಲ್ಲುವ ಜಾಗಕ್ಕೇ ನಾನು ದಾರಿ ಕಡಿಸಿದ್ದೆ.

ಸಂಜೆ ಮೇಲಧಿಕಾರಿ ಕರೆಸಿದರು. ಕಾಯಿದೆಯ ಪ್ರಕಾರ ಇನ್ನೊಬ್ಬರ ಜೀವ ಉಳಿಸಲು ಸದ್ಭಾವನೆಯಿಂದ ವನ್ಯಪ್ರಾಣಿಯನ್ನು ಕೊಂದರೆ ಅಪರಾಧವಲ್ಲ. ಆದರೆ ಅಪ್ಪಣೆಯಿಲ್ಲದೆ ಮಚ್ಚು ಹಿಡಿದು ಕಾಡಿಗೆ ಹೋದವಳು, ಬೇಟೆಗೇ ಹೋಗಿದ್ದಳೆಂದು ಬರೆದರೆ ಆ ರಕ್ಷಣೆ ಸಿಗದು, ಜೈಲು ಖಾತ್ರಿ. "ಆಯಮ್ಮನ ಮೇಲೆ ಕೇಸು ಹಾಕಿ ಮುಗಿಸ್ರಿ. ಇಲ್ಲಾಂದ್ರೆ ಆ ದಾರಿ ಯಾರು ತೆಗೆಸಿದ್ದು ಅಂತ ಕೇಳ್ತಾರೆ. ನಿಮಗೆ ಉಳಿದಿರೋದು ಎರಡೇ ತಿಂಗಳು" ಎಂದರು.

ಆ ರಾತ್ರಿ ನಾನು ಧೀರನಾಗಿರಲಿಲ್ಲ. ನನ್ನ ಪಿಂಚಣಿ, ನನ್ನ ಕಪ್ಪುಚುಕ್ಕೆಯಿಲ್ಲದ ಕಡತ, ಎಲ್ಲ ನೆನಪಾಯಿತು. ಅವಳ ಹೇಳಿಕೆಯನ್ನು ಹಾಗೆಯೇ ಕಳಿಸಿದರೂ ಸಾಕಿತ್ತು, ತಪ್ಪು ತನ್ನದೆಂದು ಅವಳೇ ಹೇಳಿದ್ದಳಲ್ಲ. ಬೆಳಗ್ಗೆ ಎಡಗೈಯಲ್ಲೇ, ಮಗ್ಗಿ ಬರೆಯುವವನ ಅಕ್ಷರದಲ್ಲಿ ವರದಿ ಬರೆದೆ: ವಾಚರ್ ಸದ್ದುಗಲ್ಲಿನ ಮಾತು ಎತ್ತಿದರೂ ಕಿವಿಗೊಡದೆ ಕರಡಿಯ ಜಾಡಿನಲ್ಲಿ ದಾರಿ ತೆಗೆಸಿದವನು ನಾನು, ಈರಮ್ಮ ಹಣ್ಣಿಗೆ ಹೋದವಳು, ಜೀವ ಉಳಿಸಲು ಮಚ್ಚು ಎತ್ತಿದವಳು. ಅವಳ ಮೇಲೆ ಮೊಕದ್ದಮೆ ಬೀಳಲಿಲ್ಲ. ನನಗೆ ಸೇವೆಯ ಮೊದಲ ನೋಟಿಸು ಬಂತು, ನಿವೃತ್ತಿಯ ನಂತರವೂ ವಿಚಾರಣೆ ನಡೆಯಿತು. ಶ್ರೀಧರ್ ಒಂದು ಕಣ್ಣು ಕಳೆದುಕೊಂಡರು. ಮೂರು ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಪಾಠ ಮಾಡುತ್ತಿದ್ದಾರೆ. ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ, ನನ್ನದೂ ಅದೇ ಜಾತಿ. ಜನ ನಡೆದು ಸವೆಸಿದ ದಾರಿ ಎಲ್ಲಿ ಸುತ್ತು ಹಾಕುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಂಡಾಗ ಯಾಕೆಂದು ಕೇಳಬೇಕು. ಉತ್ತರ ಗೊತ್ತಿಲ್ಲದವನ ಅಪ್ಪನಿಗೆ ಗೊತ್ತಿದ್ದೀತು. ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ.

ನೌಕರಿಯ ಕೊನೆಯ ದಿನ, ಮೇಲಿನ ದಾರಿಗೆ ಮುಳ್ಳು ಮುಚ್ಚಿಸಿ ಈರಮ್ಮನನ್ನು ಸದ್ದುಗಲ್ಲಿನ ಹತ್ತಿರ ಕರೆದುಕೊಂಡು ಹೋದೆ. ಅಂದಿನಿಂದ ಅವಳು ಆ ಕಲ್ಲು ಮುಟ್ಟಿರಲಿಲ್ಲ, ಗುಡ್ಡಕ್ಕೂ ಹೋಗಿರಲಿಲ್ಲ.

"ತಪ್ಪು ನಿನ್ನ ಕಲ್ಲಿಂದಲ್ಲ ಈರಮ್ಮ, ನನ್ನ ದಾರೀದು" ಎಂದೆ.

"ಅಂಗಂತ ಬರ್ದಿದೀರಾ?"

"ಬರ್ದಿದೀನಿ."

ಅವಳು ಬಗ್ಗಿ ಒಂದು ಕಲ್ಲೆತ್ತಿ ನನ್ನ ಕೈಗೆ ಕೊಟ್ಟಳು. ಮುರಿದು ಕೂಡಿದ ಕೈಯಲ್ಲಿ ಹೊಡೆದೆ. ಸದ್ದು ಸಣ್ಣದಾಗಿ ಬಂತು.

"ಇನ್ನೂ ಜೋರಾಗಿ ಹೊಡೀರಿ ಸಾ" ಎಂದಳು. "ಮರಿ ಒಂದೇ ಐತೆ, ಅದ್ಕೆ ಕೇಳ್ಬೇಕು."