ಮಂಗಳಮ್ಮ ಟೀಮಿಗೆ ಸೇರಿದ್ದು

ಪಾಲಹಳ್ಳಿಯ ಮಂಗಳಮ್ಮನಿಗೆ ಅರವತ್ತೆಂಟು ತುಂಬಿದ್ದರೂ ಕೆಸರಿಗಿಳಿದರೆ ಹದಿನೆಂಟು. ಪಾಂಡವಪುರದ ಕಡೆಯಿಂದ ಕುಳ್ಳಯ್ಯನ ಹೆಂಡತಿಯಾಗಿ ಬಂದ ಮೂರನೆಯ ದಿನವೇ ಅತ್ತೆ ಅವಳನ್ನು ಗದ್ದೆಗೆ ಇಳಿಸಿದ್ದಳು. ಆಮೇಲೆ ಅವಳು ನಾಟಿ ಹಾಕದ ಮಳೆಗಾಲ ಎರಡೇ: ಮಗ ಹುಟ್ಟಿದ ವರ್ಷ, ಕುಳ್ಳಯ್ಯ ತೀರಿಕೊಂಡ ವರ್ಷ. ಊರಿನ ಯಾವ ಗದ್ದೆಯಲ್ಲಿ ಕಾಲು ಹೂತುಕೊಳ್ಳುತ್ತದೆ, ಯಾವ ಬದುವಿನಲ್ಲಿ ಏಡಿ ಇದೆ ಎಂದು ಕೇಳಿದರೆ, ಅಡುಗೆಮನೆಯ ಡಬ್ಬಿಗಳಲ್ಲಿ ಏನೇನಿದೆ ಎಂದು ಹೇಳಿದಷ್ಟು ಸಲೀಸಾಗಿ ಹೇಳುತ್ತಾಳೆ.

ಈ ವರ್ಷ ಮಾತ್ರ ಒಂದು ಇಂಗ್ಲಿಷ್ ಮಾತು ಅಡ್ಡ ಬಂತು. ಆಚೆ ಬೀದಿಯ ಸೊಸೆ ರಂಜಿತ ತಾನೂ ಸೇರಿ ಹನ್ನೊಂದು ಹೆಂಗಸರನ್ನು ಒಟ್ಟು ಮಾಡಿಕೊಂಡು, ಫೋನಿನಲ್ಲೇ ನಾಟಿ ಒಪ್ಪಿಕೊಳ್ಳತೊಡಗಿದ್ದಳು. ಯಾರಾದರೂ “ಎಷ್ಟು ಆಳು ಬತ್ತೀರಿ?” ಎಂದರೆ, “ಆಳು ಅನ್ಬೇಡಿ, ಟೀಮು ಅನ್ನಿ” ಎನ್ನುತ್ತಿದ್ದಳು. ಹನ್ನೊಂದು ನೀಲಿ ಅಂಗಿ ಬಂದವು, ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಅದೇ ಮಾತು. ಮಂಗಳಮ್ಮನಿಗೆ ಅಂಗಿ ಇರಲಿಲ್ಲ.

“ನಿಂಗೆ ವಯಸ್ಸಾಯ್ತು ಮಂಗ್ಳತ್ತೆ. ನೀನು ಪೈರು ಕಿತ್ಕೊಡು ಸಾಕು. ನಾಟಿಗೆ ಟೀಮೈತೆ,” ಎಂದಳು ರಂಜಿತ.

ಪೈರಿನ ಕಂತೆ ಹೊರುತ್ತಾ ಮಂಗಳಮ್ಮ, ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಗದ್ದೆಯ ಯಜಮಾನ ಜಯರಾಮಯ್ಯ ಮೇಷ್ಟ್ರನ್ನು ಕೇಳಿಯೇಬಿಟ್ಟಳು. ಶ್ರೀರಂಗಪಟ್ಟಣದಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ಅವರು.

“ಮೇಷ್ಟ್ರೇ, ಟೀಮು ಅಂದ್ರೆ ಏನು? ಗುಂಪು ಅಂತ್ಲಾ?”

“ಗುಂಪೇ, ಆದರೆ ಬರೀ ಗುಂಪಲ್ಲ. ಕೆ.ಆರ್.ಎಸ್. ಬಸ್ಸಿನಲ್ಲಿ ಕೂತವರು ಗುಂಪು. ಬಸ್ಸು ಕೆಟ್ಟು ನಿಂತಾಗ ಇಳಿದು ಒಟ್ಟಿಗೆ ತಳ್ಳಿದರೆ ಟೀಮು.”

“ಒಬ್ಬ ಮುದುಕಿನೂ ಕೈ ಹಾಕುದ್ರೆ?”

“ಕೈ ಹಾಕಿದ ಮೇಲೆ ಅವಳೂ ಟೀಮೇ ಕಣಮ್ಮ.”

ಮಂಗಳಮ್ಮ ಕಂತೆಯನ್ನು ಅಲ್ಲೇ ಇಳಿಸಿದಳು. ಆ ದಿನ ಟೀಮಿನ ಹನ್ನೊಂದರಲ್ಲಿ ಒಬ್ಬಳಾದ ಮೇಘನ, ಜ್ವರವೆಂದು ಬಂದಿರಲಿಲ್ಲ. ಸಾಲಿನಲ್ಲಿ ಒಂದು ಜಾಗ ಖಾಲಿ. ಸೀರೆ ಎತ್ತಿ ಕಟ್ಟಿ, ಕುಳ್ಳಯ್ಯನ ಹಳೆಯ ಚೌಕಳಿ ಅಂಗಿಯ ತೋಳು ಮಡಿಸಿ, ರಂಜಿತಳ ಎಡಕ್ಕೆ ಹೋಗಿ ನಿಂತಳು.

ರಂಜಿತ ನಕ್ಕಳು. “ಆಯ್ತು, ಇವತ್ತೊಂದಿನ ನೋಡವ. ಕೂಡಾಕ್ಬುಟ್ರೆ ಮಾತ್ರ ನಾಳಿಂದ ನಾಟಿ ಮಾತೆತ್ತಂಗಿಲ್ಲ.”

ಕೂಡಿ ಹಾಕುವುದೆಂದರೆ ನಾಟಿ ಹೆಂಗಸರ ಹಳೆಯ ಆಟ. ಎಲ್ಲರೂ ಸಾಲಾಗಿ ಬಗ್ಗಿ, ಮುಂದೆ ನೆಡುತ್ತಾ ಹಿಂದಕ್ಕೆ ಸರಿಯುತ್ತಾರೆ. ಒಬ್ಬಳು ನಿಧಾನವಾದಳೋ, ಅಕ್ಕಪಕ್ಕದವರು ಅವಳನ್ನು ದಾಟಿ ಹೋಗಿ ಬೆನ್ನ ಹಿಂದೆಯೂ ನೆಟ್ಟುಬಿಡುತ್ತಾರೆ. ನಾಲ್ಕು ಕಡೆಯೂ ಪೈರು, ತುಳಿಯುವಂತಿಲ್ಲ. ಕೂಡಿ ಹಾಕಿದವಳೇ ನಾಲ್ಕು ಪೈರು ಕಿತ್ತು ದಾರಿ ಬಿಡಬೇಕು, ಅದಕ್ಕೆ ಅವಳು ಕೇಳಿದ್ದನ್ನು ಒಳಗಿದ್ದವಳು ಕೊಡಬೇಕು. ಹಿಂದೊಮ್ಮೆ ಮಂಗಳಮ್ಮ ಮುಡಿಯಲ್ಲಿದ್ದ ಕನಕಾಂಬರವನ್ನೇ ಕೊಟ್ಟು ಹೊರಗೆ ಬಂದಿದ್ದಳು.

ರಂಜಿತಳ ಕೈ ಹೊಲಿಗೆ ಯಂತ್ರದಂತೆ ಓಡಿತು. ಮಂಗಳಮ್ಮನ ಸೊಂಟ ಕಟಕಟ ಅಂದಿತು. ಒಂದು ಹೆಜ್ಜೆ ಹಿಂದಾಯಿತು, ಎರಡಾಯಿತು. ಬಲಗಡೆಯ ಪೈರಿನ ಸಾಲು ಅವಳ ಬೆನ್ನ ಹಿಂದಕ್ಕೆ ತಿರುಗತೊಡಗಿದ್ದೇ ತಡ, ರಂಜಿತಳ ಜೇಬಿನ ಫೋನು ಬಡಿದುಕೊಂಡಿತು.

“ಹಲೋ! ಊಂ ಸಾ, ನಮ್ದು ಟೀಮು ಸಾ! ಹನ್ನೊಂದು ಜನಾನೂ ಒಬ್ಳಿದ್ದಂಗೆ ಸಾ!”

ಹೊಗಳಿಕೆ ಉದ್ದವಾಯಿತು. ಮಂಗಳಮ್ಮ ತಲೆ ಎತ್ತದೆ ರಂಜಿತಳ ಆಚೆ ಪಕ್ಕದ ದಿವ್ಯಳತ್ತ ಓರೆಗಣ್ಣು ಬಿಟ್ಟಳು. ದಿವ್ಯ ತುಟಿ ಕಚ್ಚಿ ನಗು ನುಂಗಿದಳು. ಈ ಕಡೆಯಿಂದ ಮುದಿ ಕೈ, ಆ ಕಡೆಯಿಂದ ಎಳೇ ಕೈ, ಚಕಚಕ ಚಕಚಕ.

ಫೋನು ಜೇಬಿಗೆ ಹಾಕಿ ರಂಜಿತ ತಿರುಗಿದರೆ, ಒಂದು ಮಂಚದಷ್ಟು ಜಾಗ. ಸುತ್ತ ಹಸಿರೋ ಹಸಿರು.

“ಅಯ್ಯಯ್ಯೋ!”

ಗದ್ದೆಗೆ ಗದ್ದೆಯೇ ಕೇಕೆ ಹಾಕಿತು. ಒಬ್ಬಳು ನಕ್ಕೂ ನಕ್ಕೂ ಕೆಸರಿನಲ್ಲೇ ಕೂತುಬಿಟ್ಟಳು. ಬೆಳ್ಳಕ್ಕಿಗಳೆಲ್ಲ ಬೆದರಿ ಮೇಲೆದ್ದವು. ಮೇಷ್ಟ್ರು ಕೊಡೆ ವಾಲಿಸಿಕೊಂಡು ಕೂಗಿದರು, “ಏನಮ್ಮ ರಂಜಿತ, ಎಲ್ಲಿ ನಿನ್ನ ಟೀಮು?”

“ಟೀಮು ಆಚೆ ಐತೆ ಮೇಷ್ಟ್ರೇ, ನಾನೊಬ್ಳೇ ಒಳ್ಗಿವ್ನಿ!” ಎನ್ನುತ್ತಾ ಅವಳೂ ನಗು ತಡೆಯಲಾರದೆ ಮೊಣಕಾಲು ಹಿಡಿದುಕೊಂಡಳು. “ಮಂಗ್ಳತ್ತೆ, ನಿನ್ನ ದಮ್ಮಯ್ಯ, ದಾರಿ ಬುಡು. ಏನ್ ಬೇಕು ಕೇಳು.”

ಮಂಗಳಮ್ಮ ಕೆಸರುಗೈಯನ್ನು ಸೊಂಟಕ್ಕಿಟ್ಟು ನೆಟ್ಟಗೆ ನಿಂತಳು. “ಆ ನೀಲಿ ಅಂಗಿ ತಕ್ಕೊಡು.”

“ಇದ್ನ?”

“ಊಂ, ಅದ್ನೇಯ. ಬೆನ್ ಮೇಲೆ ಬರ್ದಿರೋದೂ ಸೇರ್ಸಿ.”

ರಂಜಿತ ಸೀರೆಯ ಮೇಲೆ ತೊಟ್ಟಿದ್ದ ಅಂಗಿಯನ್ನು ಬಿಚ್ಚಿ ಎಸೆದಳು. ಮಂಗಳಮ್ಮ ಕುಳ್ಳಯ್ಯನ ಅಂಗಿಯನ್ನು ಅವಳಿಗೆ ಎಸೆದು, ನೀಲಿಯನ್ನು ತೊಟ್ಟು, ನಾಲ್ಕು ಪೈರು ಕಿತ್ತು ಕೈ ಚಾಚಿದಳು. ರಂಜಿತ ಆ ಕೈ ಹಿಡಿದು ದಾಟಿದಳು.

“ನಾಳೆ ಆರು ಗಂಟೆಗೆ ಬಂದ್ಬುಡತ್ತೆ, ನನ್ ಪಕ್ಕನೇ ನಿಂತ್ಕೊ,” ಎಂದಳು ರಂಜಿತ. “ಇನ್ನೊಂದ್ಸಲ ಫೋನ್ ಬಂದ್ರೆ ಮಾತ್ರ ಕೂಡಾಕ್ಬೇಡ.”

ಅಷ್ಟರಲ್ಲಿ ಮಂಗಳಮ್ಮನ ಎದೆಯ ಮೇಲೆ ಏನೋ ಗುಂಯ್‌ಗುಟ್ಟಿತು. ಫೋನು ಅಂಗಿಯ ಜೇಬಿನಲ್ಲೇ ಉಳಿದಿತ್ತು. ದಿವ್ಯ ಹಸಿರು ಗುಂಡಿ ಒತ್ತಿ ಅವಳ ಕಿವಿಗೆ ಹಿಡಿದಳು.

“ನಾಡಿದ್ದು ನಾಟಿಗೆ ಎಷ್ಟು ಆಳು ಬತ್ತೀರವ್ವ?” ಎಂದಿತು ಯಾವುದೋ ಗಂಡಸಿನ ದನಿ.

ಮಂಗಳಮ್ಮ ಸಾಲಿನ ಉದ್ದಕ್ಕೂ ಒಮ್ಮೆ ನೋಡಿದಳು. “ಆಳು ಗೀಳು ಇಲ್ಲ ಕಣಪ್ಪ,” ಎಂದಳು, ಕೆ.ಆರ್.ಎಸ್.ವರೆಗೂ ಕೇಳಿಸಬೇಕೆಂಬಂತೆ, “ಟೀಮು ಬತ್ತದೆ. ನನ್ನೂ ಸೇರ್ಸಿ!”